ಕಫದಲ್ಲಿ ಟಿ.ಬಿ. ಸಿಗ್ತಿಲ್ಲ, ಆದ್ರೂ ಟಿ.ಬಿ. ಮಾತ್ರೆ ನಡೀತಿದೆ. ಅಪ್ಪನ ಎದೆಯಲ್ಲಿರೋದು ಫಂಗಸ್ ಇರಬಹುದಾ?

ತೀರ್ಥಹಳ್ಳಿ ಮಗಳು · ಜನವರಿ 9

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 61 ವರ್ಷ. ಅಡಿಕೆ ತೋಟ, ಎರಡು ಹಸು. ಬೀಡಿ ಸಿಗರೇಟು ಮುಟ್ಟಿದವರಲ್ಲ. 2011ರಲ್ಲಿ ಟಿ.ಬಿ. ಬಂದಿತ್ತು. ಆಗ ಕಫದಲ್ಲೇ ಕಾಣಿಸಿತ್ತು. ಆರು ತಿಂಗಳು ಒಂದು ಡೋಸೂ ತಪ್ಪಿಸದೆ ಮಾತ್ರೆ ನುಂಗಿ ಗುಣ ಆದರು. ಆಮೇಲೆ ಹತ್ತು ಹನ್ನೆರಡು ವರ್ಷ ಅಡಿಕೆ ಕೊನೆ ಇಳಿಸೋ ಕೊನೆಗೌಡರ ಜೊತೆ ಇಡೀ ದಿನ ತೋಟದಲ್ಲಿ ನಿಲ್ತಿದ್ದರು.

ಈಗ ಎಂಟು ತಿಂಗಳಿಂದ ಕೆಮ್ಮು. 58 ಕೆ.ಜಿ. ಇದ್ದವರು 49ಕ್ಕೆ ಇಳಿದಿದ್ದಾರೆ. ದೀಪಾವಳಿ ಹಿಂದಿನ ದಿನ ಬೆಳಿಗ್ಗೆ ಮುಖ ತೊಳೀತಾ ಕೆಮ್ಮಿದರು. ಬಿಳಿ ಬೇಸಿನ್ನಲ್ಲಿ ಒಂದು ಚಮಚದಷ್ಟು ಕೆಂಪು. ನಾನು ನೋಡಿಲ್ಲ ಅಂದುಕೊಂಡು ನಲ್ಲಿ ತಿರುಗಿಸಿ ಕೈಯಲ್ಲೇ ಉಜ್ಜಿ ತೊಳೆದುಬಿಟ್ಟರು. ನಾನು ಬಾಗಿಲ ಹತ್ತಿರಾನೇ ಇದ್ದೆ.

ಒಂದು ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಕಫ ಎರಡು ಸಲ ಮೈಕ್ರೋಸ್ಕೋಪಲ್ಲಿ ನೋಡಿದರು, ಒಂದು ಸಲ ಸಿಬಿನಾಟ್ (ಟಿ.ಬಿ. ಕ್ರಿಮಿಯ ಡಿ.ಎನ್.ಎ. ಹುಡುಕೋ ಪರೀಕ್ಷೆ) ಮಾಡಿಸಿದರು. ಮೂರೂ ನೆಗೆಟಿವ್. ಆದರೂ "ಎಕ್ಸ್‌ರೇಯಲ್ಲಿ ಕಾಣ್ತಿದೆ, ಹಿಂದೆನೂ ಬಂದಿತ್ತಲ್ಲ" ಅಂತ ಟಿ.ಬಿ. ಮಾತ್ರೆ ಶುರು ಮಾಡಿದರು. ಎರಡೂವರೆ ತಿಂಗಳಾಯ್ತು. ಕೆಮ್ಮು ಹಾಗೇ ಇದೆ, ತೂಕ ಏರಿಲ್ಲ, ಊಟ ಸೇರಲ್ಲ. ಮೊನ್ನೆ ಸಿ.ಟಿ. ಮಾಡಿಸಿದ್ವಿ. ಬಲಗಡೆ ಮೇಲ್ಭಾಗದಲ್ಲಿ ಕ್ಯಾವಿಟಿ ಇದೆ, ಅದರೊಳಗೆ ಏನೋ ಗಡ್ಡೆ ಥರ ಇದೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಫಂಗಲ್ ಬಾಲ್" ಅಂತ ಬರೆದಿದ್ದಾರೆ. ಕೊನೇ ಸಾಲಲ್ಲಿ "ಆಕ್ಟಿವ್ ಕಾಕ್ಸ್" ಇರಬಹುದು ಅಂತಲೂ ಇದೆ. ಕಾಕ್ಸ್ ಅಂದರೆ ಟಿ.ಬಿ.ನೇ ಅಂತ ಆಮೇಲೆ ಗೊತ್ತಾಯ್ತು. ಎರಡರಲ್ಲಿ ಯಾವುದು? ಯಾರನ್ನ ಕೇಳೋದು?

ಸಾಗರ ರಸ್ತೆ · ಜನವರಿ 9

ಅಕ್ಕ, ನಮ್ಮ ದೊಡ್ಡಪ್ಪನಿಗೂ ಹೆಚ್ಚುಕಡಿಮೆ ಇದೇ ಆಗಿತ್ತು, ಕೊನೆಗೆ ಫಂಗಸ್ ಅಂತಲೇ ಆಯ್ತು. ಧೈರ್ಯ ತಗೊಳ್ಳಿ. ಹಳೇ ಎಕ್ಸ್‌ರೇ ಇದ್ದರೆ ಹುಡುಕಿ ತೆಗೆದಿಡಿ, ಮೊದಲು ಅದನ್ನೇ ಕೇಳ್ತಾರೆ.

ಎದೆರೋಗ ವೈದ್ಯ, ಮೈಸೂರು · ಜನವರಿ 10

ಮೊದಲು ತುರ್ತಿನ ಮಾತು. ಒಂದೇ ಸಲಕ್ಕೆ ಅರ್ಧ ಲೋಟದಷ್ಟು ರಕ್ತ ಬಂದರೆ, ಅಥವಾ ಸ್ವಲ್ಪ ಸ್ವಲ್ಪವೇ ಆದರೂ ದಿನದಲ್ಲಿ ಮತ್ತೆ ಮತ್ತೆ ಬಂದರೆ, ಇಲ್ಲಿ ಉತ್ತರಕ್ಕೆ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ದಾರಿಯಲ್ಲಿ ಬಲಮಗ್ಗುಲು ಕೆಳಗೆ ಬರುವಂತೆ ಮಲಗಿಸಿ. ಚೆನ್ನಾಗಿರುವ ಎಡ ಶ್ವಾಸಕೋಶಕ್ಕೆ ರಕ್ತ ಇಳಿಯಬಾರದು.

ಈಗ ನಿಮ್ಮ ಪ್ರಶ್ನೆ. ಟಿ.ಬಿ. ಮನೆ ಖಾಲಿ ಮಾಡಿ ಹೋದರೂ ಎಷ್ಟೋ ಜನರಲ್ಲಿ ಒಂದು ಖಾಲಿ ಕೋಣೆ ಬಿಟ್ಟು ಹೋಗುತ್ತದೆ. ಅದೇ ಕ್ಯಾವಿಟಿ. ಆಸ್ಪರ್ಜಿಲ್ಲಸ್ ಅನ್ನುವ ಬೂಷ್ಟಿನ ಬೀಜಕಣ ಎಲ್ಲ ಕಡೆ ಗಾಳಿಯಲ್ಲಿದೆ. ಗೊಬ್ಬರದ ಗುಂಡಿ, ಹುಲ್ಲಿನ ಬಣವೆ, ಕೊಳೆತ ದರಗು, ಒದ್ದೆ ಅಡಿಕೆ ಸಿಪ್ಪೆಯ ರಾಶಿ, ಇಲ್ಲೆಲ್ಲ ಇನ್ನೂ ಜಾಸ್ತಿ. ಎರಡು ಮೂರು ಮೈಕ್ರಾನ್ ಗಾತ್ರ, ಉಸಿರಿನ ಜೊತೆ ತಳದವರೆಗೂ ಹೋಗುತ್ತದೆ. ಆರೋಗ್ಯವಾಗಿರುವ ಶ್ವಾಸಕೋಶ ದಿನವೂ ಅದನ್ನು ನುಂಗಿ ಅರಗಿಸಿಕೊಳ್ಳುತ್ತದೆ. ಗಾಳಿ ಮಾತ್ರ ತುಂಬಿ, ರಕ್ಷಣಾ ಕೋಶಗಳು ಸರಿಯಾಗಿ ತಲುಪದ ಹಳೇ ಕ್ಯಾವಿಟಿಯಲ್ಲಿ ಅದು ಬೇರು ಬಿಡುತ್ತದೆ. ನೂಲಿನಂಥ ಎಳೆಗಳು ಬೆಳೆದು, ಲೋಳೆಯೊಂದಿಗೆ ಸೇರಿ ಉಂಡೆ ಕಟ್ಟಿಕೊಳ್ಳುತ್ತದೆ. ಸುತ್ತಲಿನ ರಕ್ತನಾಳಗಳು ಕೆರಳಿ ರಕ್ತ ಬರುತ್ತದೆ.

ಇದು ಅಪರೂಪದ ಸಂಗತಿ ಅಂತ ನಾವು ವೈದ್ಯರೇ ಬಹಳ ದಿನ ನಂಬಿಕೊಂಡು ಬಂದೆವು. ಬ್ರಿಟನ್ನಿನಲ್ಲಿ 1968ರಲ್ಲೇ ಇದರ ಲೆಕ್ಕ ಪ್ರಕಟವಾಗಿದೆ. ಟಿ.ಬಿ. ಗುಣವಾದ ಮೇಲೂ 2.5 ಸೆಂ.ಮೀ.ಗಿಂತ ದೊಡ್ಡ ಕ್ಯಾವಿಟಿ ಉಳಿದ 544 ಜನರನ್ನು ನೋಡಿದಾಗ ಸುಮಾರು ಕಾಲು ಭಾಗದವರ ರಕ್ತದಲ್ಲಿ ಆಸ್ಪರ್ಜಿಲ್ಲಸ್ ವಿರುದ್ಧದ ಪ್ರತಿಕಾಯ ಇತ್ತು.

ತೊಂದರೆ ಏನೆಂದರೆ ಲಕ್ಷಣ ಒಂದೇ. ಕೆಮ್ಮು, ಸಣ್ಣಗಾಗುವುದು, ಸುಸ್ತು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮೇಲ್ಭಾಗದ ಕಲೆ. ಒಂದೇ ಒಂದು ಎಕ್ಸ್‌ರೇ ಕೊಟ್ಟು ಬೇರ್ಪಡಿಸಿ ಅಂದರೆ ನನಗೂ ಆಗುವುದಿಲ್ಲ. ನಾಲ್ಕು ವಿಷಯ ಸೇರಬೇಕು: ಮೂರು ತಿಂಗಳಿಗಿಂತ ಹೆಚ್ಚು ಕಾಲದ ಲಕ್ಷಣ, ಸಿ.ಟಿ.ಯಲ್ಲಿ ಹೊಂದುವ ಚಿತ್ರ, ಫಂಗಸ್ ಇದೆ ಅನ್ನುವ ಪುರಾವೆ, ಮತ್ತು ಟಿ.ಬಿ., ಕ್ಯಾನ್ಸರಿನಂಥ ಬೇರೆ ಕಾರಣ ಅಲ್ಲ ಅನ್ನುವ ಖಾತ್ರಿ. ಮೂರನೆಯದಕ್ಕೆ ಮುಖ್ಯ ಪರೀಕ್ಷೆ ರಕ್ತದ "ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಐಜಿಜಿ", ಅಂದರೆ ಈ ಫಂಗಸ್ ವಿರುದ್ಧದ ಪ್ರತಿಕಾಯದ ಅಳತೆ. ಚೀಟಿಯಲ್ಲಿ ಐಜಿಜಿ ಅಂತ ಸ್ಪಷ್ಟವಾಗಿ ಇರಲಿ. ಐಜಿಇ ಬೇರೆ ಪರೀಕ್ಷೆ, ಅದು ಅಲರ್ಜಿಯ ಬಗೆಗೆ. ಎಷ್ಟೋ ಸಲ ಒಂದಕ್ಕೆ ಇನ್ನೊಂದು ಮಾಡಿಸಿಕೊಂಡು ಬರುತ್ತಾರೆ.

ಸಿ.ಟಿ. ಸಿ.ಡಿ.ಯನ್ನು ಎದೆರೋಗ ತಜ್ಞರಿಗೇ ತೋರಿಸಿ. ಬೇಕಾದರೆ ಬೋರಲು ಮಲಗಿಸಿ ಇನ್ನೊಂದು ಚಿತ್ರ ತೆಗೆಸುತ್ತಾರೆ. ಫಂಗಸ್ ಉಂಡೆ ಬಿಡಿಯಾಗಿದ್ದರೆ ಮೈ ತಿರುಗಿಸಿದಾಗ ಕ್ಯಾವಿಟಿಯೊಳಗೇ ಉರುಳಿ ತಳಕ್ಕೆ ಬರುತ್ತದೆ. ಗೋಡೆಗೆ ಅಂಟಿದ ಗಡ್ಡೆ ಹಾಗೆ ಉರುಳುವುದಿಲ್ಲ. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಬೆಣ್ಣೆನಗರಿ ಮೇಷ್ಟ್ರು · ಜನವರಿ 10

ತಂಗಿ, ನನ್ನದು ಬೇರೆ ಥರದ ಫಂಗಸ್, ಆದರೆ ಹಾದಿ ಒಂದೇ. ನನಗೆ ಚಿಕ್ಕಂದಿನಿಂದ ಅಸ್ತಮಾ. 2014ರಲ್ಲಿ ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ಬಲಗಡೆ ಕಲೆ. ಕಫದಲ್ಲಿ ಏನೂ ಇಲ್ಲ. ಆರು ತಿಂಗಳು ಟಿ.ಬಿ. ಔಷಧಿ. 2017ರಲ್ಲಿ ಮತ್ತೆ ಅದೇ, ಈ ಸಲ ಕಲೆ ಎಡಗಡೆ. ಮತ್ತೆ ಟಿ.ಬಿ. ಔಷಧಿ, ಇನ್ನೂ ಉದ್ದದ ಕೋರ್ಸು. ಎರಡು ಸಲವೂ ಕಲೆ ಮಾಯವಾಯಿತು, ಹಾಗಾಗಿ ಔಷಧಿ ಕೆಲಸ ಮಾಡಿತು ಅಂತ ಎಲ್ಲರೂ ನಂಬಿದೆವು. ಈ ಕಾಯಿಲೆಯಲ್ಲಿ ಕಲೆ ತಾನಾಗಿಯೇ ಬಂದು ತಾನಾಗಿಯೇ ಹೋಗಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಆ ವರ್ಷಗಳಲ್ಲಿ ಸ್ಟಾಫ್‌ರೂಮಿನಲ್ಲಿ ನನ್ನ ಲೋಟ ಬೇರೆ ಇಡುತ್ತಿದ್ದರು. ಮಗಳು ನನ್ನ ಪಕ್ಕ ಮಲಗುವುದನ್ನು ನಾನೇ ಬಿಡಿಸಿದೆ. ಇವತ್ತಿಗೂ ಅದನ್ನು ನೆನೆದರೆ ಗಂಟಲು ಕಟ್ಟುತ್ತದೆ.

ಒಂದು ಬೆಳಿಗ್ಗೆ ಕೆಮ್ಮಿದಾಗ ಹುಣಸೆ ತಿರುಳಿನ ಬಣ್ಣದ ಒಂದು ತುಂಡು ಬಂತು. ರಬ್ಬರಿನ ಹಾಗೆ ಗಟ್ಟಿ, ಸಣ್ಣ ಕೊಂಬೆಯ ಅಚ್ಚಿನ ಹಾಗೆ ಕವಲು ಒಡೆದಿತ್ತು. ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೊಸ ಡಾಕ್ಟರ ಹತ್ತಿರ ಹೋದೆ. ಅವರು ಡಬ್ಬಿ ನೋಡಿದ ತಕ್ಷಣ ಕೇಳಿದ್ದು ಒಂದೇ: "ನಿಮಗೆ ಅಸ್ತಮಾ ಇದೆಯಾ?" ಒಟ್ಟು ಐಜಿಇ ಮಾಡಿಸಿದರು, 6,000 ದಾಟಿತ್ತು. ಎಬಿಪಿಎ ಅಂತ ಹೆಸರು ಹೇಳಿದರು, ಆಸ್ಪರ್ಜಿಲ್ಲಸ್ ಫಂಗಸ್ಸಿಗೆ ಶ್ವಾಸಕೋಶ ತೋರಿಸುವ ಅಲರ್ಜಿ. ಸ್ಟೀರಾಯ್ಡ್ ಕೊಟ್ಟು ನಿಧಾನಕ್ಕೆ ಇಳಿಸಿದರು. ಮೂರೇ ವಾರದಲ್ಲಿ ಮೆಟ್ಟಿಲು ಹತ್ತಿ ಮೇಲಿನ ತರಗತಿಗೆ ಪಾಠಕ್ಕೆ ಹೋದೆ.

ಎದೆರೋಗ ವೈದ್ಯ, ಮೈಸೂರು · ಜನವರಿ 10

ಮೇಷ್ಟ್ರೇ, ಬರೆದಿದ್ದಕ್ಕೆ ಧನ್ಯವಾದ. ಅಸ್ತಮಾ ಇರುವವರು ಇದನ್ನು ಎರಡು ಸಲ ಓದಲಿ. ಎಬಿಪಿಎಯಲ್ಲಿ ಫಂಗಸ್ ಶ್ವಾಸಕೋಶದ ಮಾಂಸವನ್ನು ಕೊರೆಯುವುದಿಲ್ಲ, ಶ್ವಾಸನಾಳದೊಳಗಿನ ಲೋಳೆಯಲ್ಲಿ ಕೂತು ವಿಪರೀತ ಅಲರ್ಜಿ ಎಬ್ಬಿಸುತ್ತದೆ. 1952ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ವಿವರಿಸಿದರು. ಇಂದು ಜಗತ್ತೆಲ್ಲ ಬಳಸುವ ಇದರ ಮಾನದಂಡ ರೂಪಿಸುವುದರಲ್ಲಿ ಮುಂದೆ ನಿಂತವರು ಚಂಡೀಗಢದ ಪಿಜಿಐ ಎಂಬ ವೈದ್ಯಕೀಯ ಸಂಸ್ಥೆಯ ವೈದ್ಯರು. 2013ರ ಮಾನದಂಡದಲ್ಲಿ ಒಟ್ಟು ಐಜಿಇ 1,000 ದಾಟಬೇಕಿತ್ತು, 2024ರ ಪರಿಷ್ಕರಣೆಯಲ್ಲಿ ಅದನ್ನು 500ಕ್ಕೆ ಇಳಿಸಿದ್ದಾರೆ. ಜೊತೆಗೆ ಆಸ್ಪರ್ಜಿಲ್ಲಸ್‌ಗೇ ಮೀಸಲಾದ ಐಜಿಇ ಕೂಡ ಏರಿರಬೇಕು. ಸಿ.ಟಿ.ಯಲ್ಲಿ ಪಕ್ಕದ ಮಾಂಸಖಂಡಕ್ಕಿಂತ ಬೆಳ್ಳಗೆ ಕಾಣುವ ಲೋಳೆ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ.

ಹುಬ್ಬಳ್ಳಿ ಮೈಕ್ರೋಬಯಾಲಜಿ · ಜನವರಿ 11

ಲ್ಯಾಬಿನ ಕಡೆಯಿಂದ ಒಂದೆರಡು ಮಾತು ಹೇಳ್ತೀನ್ರಿ, ಯಾಕಂದ್ರ ಇಲ್ಲೇ ಭಾಳ ಕೇಸು ತಪ್ಪಿ ಹೋಗ್ತಾವ.

ಚೀಟಿಯಲ್ಲಿ "ಎ.ಎಫ್.ಬಿ." ಅಂತ ಅಷ್ಟೇ ಬರೆದಿದ್ದರೆ ನಾವು ಟಿ.ಬಿ. ಕ್ರಿಮಿಯನ್ನಷ್ಟೇ ಹುಡುಕ್ತೀವಿ. ಆ ಬಣ್ಣ ಹಾಕಿದ ಗಾಜಿನ ಮೇಲೆ ಫಂಗಸ್ ಎಳೆ ಸರಿಯಾಗಿ ಎದ್ದು ಕಾಣೋದಿಲ್ಲ. ಕಫ ಕರಗಿಸಿ ಫಂಗಸ್ ಎಳೆ ಕಾಣಿಸೋ ಕೆ.ಓ.ಎಚ್. ದ್ರಾವಣದ ಹನಿ ಹಾಕಿ ನೋಡಬೇಕು, ಫಂಗಲ್ ಕಲ್ಚರ್‌ಗೆ, ಅಂದ್ರ ಲ್ಯಾಬಿನಲ್ಲಿ ಬೆಳೆಸಿ ನೋಡೋಕ, ಬೇರೆ ಇಡಬೇಕು. ಕೇಳದಿದ್ದರ ಯಾರೂ ಮಾಡೋದಿಲ್ಲ. "ಕಫ ನೆಗೆಟಿವ್" ಅಂದ್ರ ಎಲ್ಲಾ ರೋಗಕ್ಕೂ ನೆಗೆಟಿವ್ ಅಂತ ಮನೆಯವರು ತಿಳ್ಕೊಂಡಿರ್ತಾರ.

ಕಲ್ಚರ್‌ನಲ್ಲಿ ಆಸ್ಪರ್ಜಿಲ್ಲಸ್ ಬೆಳೆದರೂ ಅಷ್ಟರಿಂದಲೇ ರೋಗ ಅನ್ನೋಕಾಗಲ್ಲ. ಗಾಳಿಯೊಳಗಿನ ಒಂದು ಬೀಜಕಣ ಪ್ಲೇಟಿನ ಮೇಲೆ ಬಿದ್ದರೂ ಬೆಳೀತದ. ಕಫ ತುಂಬಿದ ಡಬ್ಬಿ ಎರಡು ದಿನ ಮನೆಯ ಕಿಟಕಿಯಲ್ಲಿ ಬಿಸಿಲಿಗೆ ಕೂತು ಆಮೇಲೆ ನಮ್ಮ ಕೈ ಸೇರಿದರಂತೂ ಅದರ ಮೇಲೆ ನಂಬಿಕೆ ಇಡೋಹಂಗಿಲ್ಲ. ಬೆಳಿಗ್ಗೆ ಎದ್ದ ಕೂಡಲೆ, ಆಳದಿಂದ ಕೆಮ್ಮಿ ತೆಗೆದದ್ದು, ಅವತ್ತೇ ತಲುಪಿಸ್ರಿ.

ಬಯಾಪ್ಸಿ ಮಾಡಿದರ ಇದನ್ನ ಮಾತ್ರ ಕೈಮುಗಿದು ಕೇಳ್ಕೊತೀನಿ: ತುಂಡನ್ನ ಎರಡು ಡಬ್ಬಿಗೆ ಹಂಚಿಸ್ರಿ. ಒಂದು ಫಾರ್ಮಲಿನ್‌ನಲ್ಲಿ, ಅದು ಪೆಥಾಲಜಿಗೆ. ಇನ್ನೊಂದು ಸಲೈನ್‌ನಲ್ಲಿ, ಅದು ನಮಗ. ಪೂರ್ತಿ ಫಾರ್ಮಲಿನ್‌ನಲ್ಲಿ ಮುಳುಗಿಸಿದರ ಟಿ.ಬಿ.ನೂ ಸಾಯ್ತದ, ಫಂಗಸ್ಸೂ ಸಾಯ್ತದ, ಕಲ್ಚರ್ ಮಾಡೋಕ ಏನೂ ಉಳಿಯಂಗಿಲ್ಲ. ಪೆಥಾಲಜಿಯವರು ಎಳೆ ನೋಡಿ ಒಂದಷ್ಟು ಹೇಳ್ತಾರ: ಸಣ್ಣ ಎಳೆ, ನಡುನಡುವೆ ಗೋಡೆ, ಸುಮಾರು 45 ಡಿಗ್ರಿಗೆ ಕವಲು ಒಡೆದಿದ್ದರ ಆಸ್ಪರ್ಜಿಲ್ಲಸ್ ಕಡೆ. ಅಗಲ ರಿಬ್ಬನ್ ಥರ, ಗೋಡೆ ವಿರಳ, 90 ಡಿಗ್ರಿಗೆ ಕವಲಿದ್ದರ ಮ್ಯೂಕರ್ ಕಡೆ. ಕೋವಿಡ್ ಎರಡನೇ ಅಲೆಯಲ್ಲಿ ಬ್ಲ್ಯಾಕ್ ಫಂಗಸ್ ಅಂತ ಕೇಳಿದ್ದು ಇದೇ. ಎರಡಕ್ಕೂ ಔಷಧಿ ಬೇರೆ ಬೇರೆ, ಅದಕ್ಕೇ ಹೇಳಿದ್ದು.

ಫೀನಿಕ್ಸ್ ಕನ್ನಡಿಗ · ಜನವರಿ 12

ತುಮಕೂರಿನವನು, ಅರಿಜೋನಕ್ಕೆ ಬಂದು ಏಳು ವರ್ಷ. ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲಿ ಒಂದು ಸಂಜೆ ಧೂಳಿನ ಗೋಡೆಯೇ ಎದ್ದು ಬಂತು, ಕಾರಿನ ಕಿಟಕಿ ಇಳಿಸಿತ್ತು. ಎರಡು ವಾರಕ್ಕೆ ಜ್ವರ, ಒಣಕೆಮ್ಮು, ಮಂಡಿ ನೋವು, ಮೊಣಕಾಲ ಕೆಳಗೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು. ನ್ಯುಮೋನಿಯಾ ಅಂತ ಆಂಟಿಬಯೋಟಿಕ್ ಮೂರು ಕೋರ್ಸ್ ಆಯಿತು. ಆಮೇಲೆ ಸಿ.ಟಿ.ಯಲ್ಲಿ 2 ಸೆಂ.ಮೀ. ಗಡ್ಡೆ ಕಂಡಿತು. ಕ್ಯಾನ್ಸರ್ ಇರಬಹುದು ಅಂದರು. ಇಂಡಿಯಾದವನು ಅಂತ ಟಿ.ಬಿ. ರಕ್ತಪರೀಕ್ಷೆ ಮಾಡಿದರು, ಅದು ಪಾಸಿಟಿವ್ ಬಂತು. ನಮ್ಮ ಕಡೆ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಕಾಯಿಲೆ ಇಲ್ಲದಿದ್ದರೂ ಅದು ಪಾಸಿಟಿವ್ ಬರುತ್ತದೆ. ಒಂದು ವಾರ ನಾನು, ಹೆಂಡತಿ ಇಬ್ಬರೂ ನಿದ್ದೆ ಮಾಡಲಿಲ್ಲ. ಊರಿನಲ್ಲಿ ಅಮ್ಮನಿಗೆ ಏನು ಹೇಳುವುದು ಅಂತಲೇ ಯೋಚನೆ.

ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರ್ ಕಾಕ್ಸಿಡಿಯಾಯ್ಡಿಸ್ ಪ್ರತಿಕಾಯದ ಪರೀಕ್ಷೆ ಬರೆದುಕೊಟ್ಟರು. ವ್ಯಾಲಿ ಫೀವರ್. ಈ ಮರಳುಗಾಡಿನ ಮಣ್ಣಿನಲ್ಲೇ ಇರುವ ಫಂಗಸ್. ಅಮೆರಿಕದ ಬಹುಪಾಲು ಪ್ರಕರಣಗಳು ಅರಿಜೋನ ಮತ್ತು ಕ್ಯಾಲಿಫೋರ್ನಿಯಾದಿಂದಲೇ. ಟೂಸಾನ್‌ನ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರವಿದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ನನಗೆ ಫ್ಲುಕೊನಜೋಲ್ ಕೊಟ್ಟರು. ಗಡ್ಡೆ ಈಗ ಸಣ್ಣ ಕಲೆಯಾಗಿ ಉಳಿದಿದೆ.

ಇಲ್ಲಿ ಬರೆದ ಕಾರಣ ಇಷ್ಟೇ. ಮಕ್ಕಳನ್ನು ನೋಡಲು ಅಪ್ಪ ಅಮ್ಮ ಇಲ್ಲಿಗೆ ಬಂದು ಆರು ತಿಂಗಳಿದ್ದು ವಾಪಸ್ ಹೋಗುತ್ತಾರೆ. ಊರಿಗೆ ಹೋದ ಮೇಲೆ ಜ್ವರ ಕೆಮ್ಮು ಬಂದರೆ, ಅರಿಜೋನದಲ್ಲಿ ಇದ್ದು ಬಂದೆವು ಅಂತ ಅಲ್ಲಿನ ಡಾಕ್ಟರಿಗೆ ಹೇಳಿ. ನೀವು ಹೇಳದಿದ್ದರೆ ಹಾಸನದಲ್ಲೋ ಮಂಡ್ಯದಲ್ಲೋ ಕೂತವರಿಗೆ ಈ ಕಾಯಿಲೆ ಹೊಳೆಯುವುದಾದರೂ ಹೇಗೆ?

ರಾಯಚೂರು ಟಿ.ಬಿ. ವಿಭಾಗ · ಜನವರಿ 12

ಎಲ್ಲಾರೂ ಹೇಳಿದ್ದು ಖರೆ ಅದ, ನಾ ಅಲ್ಲಗಳೆಯಂಗಿಲ್ಲ. ಆದ್ರ ನನ್ನ ಭಯ ಕೇಳ್ರಿ. ಹದಿನಾರು ವರ್ಷದಿಂದ ಹಳ್ಳಿ ಹಳ್ಳಿ ತಿರುಗಿ ಮಾತ್ರೆ ಮುಟ್ಟಸ್ತೀನಿ. ಎರಡು ತಿಂಗಳಾಗಿ ಸ್ವಲ್ಪ ಹಗುರ ಆದ ಕೂಡ್ಲೆ ಮಾತ್ರೆ ಬಿಡೋರೇ ಜಾಸ್ತಿ. ಇಂಥಾದ್ದು ಓದಿ "ನಂದೂ ಫಂಗಸ್ಸೇ ಇರಬೇಕು" ಅಂತ ಬಿಟ್ಟರ, ಔಷಧಿಗೆ ಬಗ್ಗದ ಟಿ.ಬಿ. ಆಗಿ ಮನಿ ಮಂದಿಗೆಲ್ಲ ಹಚ್ತಾರ. ಕಳೆದ ವರ್ಷ ಹಂಗ ಬಿಟ್ಟ ಒಬ್ಬ ಹುಡುಗನ ಮಣ್ಣಿಗೆ ಹೋಗಿ ಬಂದೀನಿ. ಇಪ್ಪತ್ನಾಲ್ಕು ವಯಸ್ಸು.

ಸರ್ಕಾರಿ ಕೇಂದ್ರದಾಗ ಸಿಬಿನಾಟ್, ಟ್ರೂನಾಟ್ ಪುಕ್ಕಟೆ ಮಾಡ್ತಾರ. ಟ್ರೂನಾಟ್ ನಮ್ಮ ಬೆಂಗಳೂರಾಗ ರೂಪಿಸಿದ ಮಷೀನು, ವಿಶ್ವ ಆರೋಗ್ಯ ಸಂಸ್ಥೆನೂ 2020ರಾಗ ಒಪ್ಪಿಕೊಂಡದ. ಮೊದಲು ಅದು ಆಗಲಿ. ಪಾಸಿಟಿವ್ ಬಂದೋರು ಮಾತ್ರೆ ಬಿಡಬ್ಯಾಡ್ರಿ, ಕೈ ಮುಗೀತೀನಿ.

ಎದೆರೋಗ ವೈದ್ಯ, ಮೈಸೂರು · ಜನವರಿ 12

ಅಣ್ಣಾ, ನಿಮ್ಮ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ. ನಮ್ಮ ದೇಶದಲ್ಲಿ ಕೆಮ್ಮು, ಜ್ವರ, ಕ್ಯಾವಿಟಿ ಅಂದರೆ ಮೊದಲು ಟಿ.ಬಿ.ಯನ್ನೇ ಹುಡುಕಬೇಕು. ನಾನು ಹೇಳುತ್ತಿರುವುದು ಟಿ.ಬಿ. ಕ್ರಿಮಿ ಸಿಗದೆ, ಎಕ್ಸ್‌ರೇ ನೋಡಿ ಮಾತ್ರ ಔಷಧಿ ಶುರುವಾಗಿ, ಎರಡು ಮೂರು ತಿಂಗಳಾದರೂ ಏನೂ ಪ್ರಯೋಜನ ಕಾಣದವರ ಬಗ್ಗೆ. ಅದರಲ್ಲೂ ಹಿಂದೆ ಒಮ್ಮೆ ಟಿ.ಬಿ. ಆಗಿ ಗುಣವಾದವರು.

ಇದರ ತಿರುಗುಮುರುಗು ಬಲೆಯೂ ಒಂದಿದೆ. ಹಿಂದೆ ಟಿ.ಬಿ. ಆದವರ ಕಫದಲ್ಲಿ ಸತ್ತ ಕ್ರಿಮಿಯ ಡಿ.ಎನ್.ಎ. ಉಳಿದಿದ್ದರೆ ಸಿಬಿನಾಟ್ ಅಲ್ಪ ಪ್ರಮಾಣದಲ್ಲಿ ಪಾಸಿಟಿವ್ ತೋರಿಸಬಹುದು. ಜೀವಂತ ಕ್ರಿಮಿ ಇದೆಯೇ ಅನ್ನುವುದನ್ನು ಕಲ್ಚರ್ ಹೇಳುತ್ತದೆ, ಅದಕ್ಕೆ ಆರು ವಾರ ಕಾಯಬೇಕು. ಟಿ.ಬಿ. ಮತ್ತು ಫಂಗಸ್ ಎರಡೂ ಒಟ್ಟಿಗೆ ಇರುವವರನ್ನೂ ನೋಡಿದ್ದೇನೆ. ಆದ್ದರಿಂದಲೇ ಯಾರೂ ತಾವಾಗಿಯೇ ತೀರ್ಮಾನಿಸಬಾರದು.

ಧಾರವಾಡ ನಿವೃತ್ತ ಉಪನ್ಯಾಸಕ · ಜನವರಿ 13

ಈ ಗೊಂದಲ ಹೊಸದಲ್ಲ ಅನ್ನುವುದಕ್ಕೆ ಒಂದು ಹಳೆಯ ಪ್ರಸಂಗ. 1905ರ ಕೊನೆಯಲ್ಲಿ ಪನಾಮಾ ಕಾಲುವೆ ಕೆಲಸಕ್ಕೆ ಬಂದಿದ್ದ ಮಾರ್ಟಿನೀಕ್ ದ್ವೀಪದ ಒಬ್ಬ ಕಾರ್ಮಿಕ ತೀರಿಕೊಂಡ. ಸ್ಯಾಮ್ಯುಯೆಲ್ ಡಾರ್ಲಿಂಗ್ ಎಂಬ ವೈದ್ಯರು ಶವಪರೀಕ್ಷೆ ಮಾಡಿದಾಗ ಶ್ವಾಸಕೋಶದ ತುಂಬ ರಾಗಿ ಕಾಳಿನಂಥ ಗುಳ್ಳೆಗಳು, ನೋಡಿದರೆ ಟಿ.ಬಿ.ಯೇ. ಆದರೆ ಟಿ.ಬಿ. ಕ್ರಿಮಿ ಇರಲಿಲ್ಲ. ಕೋಶಗಳೊಳಗೆ ಕಂಡ ಸಣ್ಣ ಚುಕ್ಕಿಗಳನ್ನು ಅವರು ಪರಾವಲಂಬಿ ಜೀವಿ ಎಂದುಕೊಂಡು ಹಿಸ್ಟೊಪ್ಲಾಸ್ಮಾ ಎಂದು ಹೆಸರಿಟ್ಟರು. ಅದು ಫಂಗಸ್ ಎಂದು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದ್ದು 1934ರಲ್ಲಿ. 1940ರ ದಶಕದಲ್ಲಿ ಅಮೆರಿಕದ ನಡುನಾಡಿನ ಎಷ್ಟೋ ಆರೋಗ್ಯವಂತರ ಎಕ್ಸ್‌ರೇಯಲ್ಲಿ ಸುಣ್ಣಗಟ್ಟಿದ ಕಲೆ ಕಂಡು, ಟಿ.ಬಿ.ಯ ಚರ್ಮಪರೀಕ್ಷೆ ಮಾಡಿದರೆ ನೆಗೆಟಿವ್ ಬರುತ್ತಿತ್ತು. ಅದರ ಹಿಂದೆಯೂ ಇದೇ ಫಂಗಸ್ ಇತ್ತು.

ತೀರ್ಥಹಳ್ಳಿ ಮಗಳು · ಫೆಬ್ರುವರಿ 18

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರ್ಕೊಂಡು ಬೇರೆ ಊರಿನ ಎದೆರೋಗ ತಜ್ಞರ ಹತ್ತಿರ ಹೋದ್ವಿ. ಹೊರಡೋ ಹಿಂದಿನ ರಾತ್ರಿ ಅಟ್ಟದ ಮೇಲಿನ ಟ್ರಂಕಿನಲ್ಲಿ, ತೋಟದ ಪಹಣಿ ಕಾಗದದ ಕೆಳಗೆ 2011ರ ಎಕ್ಸ್‌ರೇ ಸಿಕ್ತು. ಅಂಚು ಸ್ವಲ್ಪ ಅಂಟಿಕೊಂಡಿತ್ತು ಅಷ್ಟೇ.

ಡಾಕ್ಟರು ಎರಡನ್ನೂ ಲೈಟಿನ ಮುಂದೆ ಪಕ್ಕಪಕ್ಕ ಇಟ್ಟರು. ಮಾತ್ರೆ ಮುಗಿದಾಗ ತೆಗೆದ ಹಳೇದ್ರಲ್ಲಿ ಅದೇ ಜಾಗದಲ್ಲಿ ತೆಳು ಗೋಡೆಯ ಖಾಲಿ ಕ್ಯಾವಿಟಿ. ಹೊಸದರಲ್ಲಿ ಗೋಡೆ ದಪ್ಪ, ಒಳಗೆ ಉಂಡೆ, ಉಂಡೆಯ ಮೇಲೆ ಬಿದಿಗೆ ಚಂದ್ರನ ಹಾಗೆ ಗಾಳಿಯ ಗೆರೆ. ನನಗೇ ಕಾಣಿಸ್ತು. ಅಪ್ಪನೂ ಎದ್ದು ಬಂದು ನೋಡಿದರು.

ಆಸ್ಪರ್ಜಿಲ್ಲಸ್ ಐಜಿಜಿ ತುಂಬ ಜಾಸ್ತಿ ಬಂತು. ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳದೊಳಗೆ ಕ್ಯಾಮೆರಾ ಕೊಳವೆ ಇಳಿಸಿ, ಒಳಗಿನ ನೀರು ತೆಗೆದರು: ಸಿಬಿನಾಟ್ ನೆಗೆಟಿವ್, ಕ್ಯಾನ್ಸರ್ ಕೋಶ ಇಲ್ಲ, ಗ್ಯಾಲಕ್ಟೊಮನಾನ್ ಅನ್ನೋ ಫಂಗಸ್ ಪರೀಕ್ಷೆ ಪಾಸಿಟಿವ್. ಟಿ.ಬಿ. ಕಲ್ಚರ್ ಇನ್ನೂ ಬರಬೇಕು. ಜಿಲ್ಲೆಯ ಟಿ.ಬಿ. ಅಧಿಕಾರಿಗಳ ಜೊತೆ ಮಾತಾಡಿ ಡಾಕ್ಟರೇ ಟಿ.ಬಿ. ಮಾತ್ರೆ ನಿಲ್ಲಿಸಿದರು. ಇಟ್ರಾಕೊನಜೋಲ್ ಬರೆದಿದ್ದಾರೆ, ಆದರೆ ಎರಡು ವಾರ ಬಿಟ್ಟು ಶುರು ಮಾಡಿ ಅಂದರು. ಯಾಕೆ ಕಾಯಬೇಕು ಅಂತ ಕೇಳೋಕೆ ಆಗ ಹೊಳೀಲಿಲ್ಲ.

ಎದೆರೋಗ ವೈದ್ಯ, ಮೈಸೂರು · ಫೆಬ್ರುವರಿ 18

ಟಿ.ಬಿ. ಮಾತ್ರೆಯಲ್ಲಿ ಮೂತ್ರವನ್ನು ಕಿತ್ತಳೆ ಮಾಡುವ ರಿಫಾಂಪಿಸಿನ್ ಇದೆಯಲ್ಲ, ಅದು ಲಿವರನ್ನು ಚುರುಕು ಮಾಡಿ ಇಟ್ರಾಕೊನಜೋಲನ್ನು ರಕ್ತದಲ್ಲಿ ನಿಲ್ಲಲು ಬಿಡುವುದಿಲ್ಲ. ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಪ್ರಭಾವ ಇರುತ್ತದೆ. ನಿಮ್ಮ ಡಾಕ್ಟರ್ ಸರಿಯಾಗಿ ಯೋಚಿಸಿದ್ದಾರೆ.

ಮಾತ್ರೆ ಮಾಮೂಲಿ ಕ್ಯಾಪ್ಸೂಲ್ ಆಗಿದ್ದರೆ ಹೊಟ್ಟೆ ತುಂಬ ಊಟದ ಜೊತೆ ಕೊಡಿ, ಅದು ಕರಗಲು ಹೊಟ್ಟೆಯಲ್ಲಿ ಹುಳಿ ಬೇಕು. ಗ್ಯಾಸಿಗೆ ಅಂತ ದಿನಾ ಪ್ಯಾಂಟೊಪ್ರಜೋಲ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ, ಇನ್‌ಹೇಲರ್, ಏನೇ ಇದ್ದರೂ ಪಟ್ಟಿ ತೋರಿಸಿ. ಬುಡೆಸೊನೈಡ್ ಇನ್‌ಹೇಲರ್ ಜೊತೆ ಸೇರಿದರೆ ಆ ಸ್ಟೀರಾಯ್ಡ್ ಮೈಯಲ್ಲಿ ಶೇಖರವಾಗಿ ಮುಖ ಊದಿಕೊಳ್ಳುತ್ತದೆ. ಕಾಲು ಬಾವು, ಏದುಸಿರು, ಕಣ್ಣು ಹಳದಿ ಆದರೆ ಅದೇ ದಿನ ಫೋನ್ ಮಾಡಿ. ಆರು ತಿಂಗಳಿಗೇ ನಿಲ್ಲಿಸುವ ಆತುರ ಬೇಡ. ಚಂಡೀಗಢದ ಪಿಜಿಐಯವರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ತಿಂಗಳು ತೆಗೆದುಕೊಂಡವರಿಗೆ ಕಾಯಿಲೆ ಮರುಕಳಿಸಿದ್ದು ಕಡಿಮೆ.

ರಾಯಚೂರು ಟಿ.ಬಿ. ವಿಭಾಗ · ಫೆಬ್ರುವರಿ 19

ಭಾಳ ಸಂತೋಷ ಆಯ್ತು ತಂಗಿ. ಕಲ್ಚರ್ ವರದಿ ಬಂದ ಮ್ಯಾಲ ಅದರ ಪ್ರತಿಯನ್ನ ನಿಮ್ಮ ತಾಲ್ಲೂಕಿನ ಟಿ.ಬಿ. ಮೇಲ್ವಿಚಾರಕರಿಗೆ ಕೊಟ್ಟು ನಿಕ್ಷಯ್ (ಸರ್ಕಾರದ ಟಿ.ಬಿ. ರೋಗಿಗಳ ಆನ್‌ಲೈನ್ ಪಟ್ಟಿ) ದಾಖಲೆ ಸರಿ ಮಾಡಸ್ರಿ. ಇಲ್ಲಂದ್ರ ಮಾತ್ರೆ ಬಿಟ್ಟೋರು ಅಂತ ಉಳೀತದ, ಫೋನ್ ಬರ್ತಾನೇ ಇರ್ತಾವ.

ತೀರ್ಥಹಳ್ಳಿ ಮಗಳು · ಮೇ 27

ಕಲ್ಚರ್ ಮಾರ್ಚಿನಲ್ಲೇ ಬಂತು, ಟಿ.ಬಿ. ಇಲ್ಲ. ನಿಕ್ಷಯ್ ದಾಖಲೆ ಸರಿ ಆಯ್ತು.

ಅಪ್ಪ ಈಗ 53 ಕೆ.ಜಿ. ಕೊನೇ ಸಲ ರಕ್ತ ಬಂದು ಎರಡೂವರೆ ತಿಂಗಳಾಯ್ತು. ಉಂಡೆ ಇನ್ನೂ ಅಲ್ಲೇ ಇದೆ, ಆಪರೇಷನ್ ಬೇಕಾ ಬೇಡ್ವಾ ಅಂತ ಆಮೇಲೆ ನೋಡೋಣ ಅಂದಿದ್ದಾರೆ. ಬೆಳಿಗ್ಗೆ ಮಾತ್ರೆಗೋಸ್ಕರ ಅಂತಾನೇ ಎರಡು ರೊಟ್ಟಿ ತಿಂತಾರೆ. ಮೊನ್ನೆ ಮಳೆ ಬರೋ ಮುಂಚೆ ಗೊಬ್ಬರದ ಗುಂಡಿ ತೆಗೆಸಬೇಕು ಅಂತ ಹಾರೆ ಹಿಡ್ಕೊಂಡು ಹೊರಟಿದ್ದರು. ನಾನು ತಡೆದೆ, ಈ ವರ್ಷ ನಾನೇ ಆಳು ಕರೆಸಿ ಮಾಡಿಸಿದೆ. ಅಪ್ಪ ಜಗಲಿಯಲ್ಲಿ ಮಾಸ್ಕ್ ಹಾಕ್ಕೊಂಡು ಕೂತು, ಎಷ್ಟು ಬುಟ್ಟಿ ಯಾವ ಸಾಲಿಗೆ ಅಂತ ಕೂಗಿ ಹೇಳ್ತಿದ್ದರು. ಕೂಗಿದರೂ ಕೆಮ್ಮು ಬರಲಿಲ್ಲ.

2011ರ ಎಕ್ಸ್‌ರೇಯನ್ನ ಹೊಸ ಫೈಲಿನಲ್ಲೇ ಇಟ್ಟಿದ್ದೀನಿ. ಮುಂದಿನ ಸಿ.ಟಿ. ಆಗಸ್ಟಿನಲ್ಲಿ.